ಎರಡನೇ ಮಹಡಿಯ ಔಷಧಿ ಬೀರು

ಪ್ರೀತಿಯ ಪೀಪಿ,

ನಿನ್ನ ಕಾಗದ ಮೊನ್ನೆ ಕೈಸೇರಿತು. ಕೆಳಮನೆಯ ದರ್ಜಿ ತಮ್ಮ ಅಂಚೆಯ ಜೊತೆ ಅದನ್ನೂ ಎತ್ತಿಕೊಂಡು ಹೋಗಿ, ಅಳತೆ ಪುಸ್ತಕದೊಳಗೆ ನಾಲ್ಕು ದಿನ ಇಟ್ಟುಕೊಂಡಿದ್ದರಂತೆ. ಯಾರದೋ ಸೊಂಟದ ಸುತ್ತಳತೆ ಹುಡುಕುವಾಗ ಸಿಕ್ಕಿತು ಎಂದು ನಾಚಿಕೊಂಡು ತಂದುಕೊಟ್ಟರು. ಹಾಗಾಗಿ ಉತ್ತರ ತಡವಾಯಿತೆಂದು ನೀನು ಬೈದುಕೊಂಡಿದ್ದರೆ ಅದರಲ್ಲಿ ಅರ್ಧ ಪಾಲು ಅವರಿಗೆ ಸೇರಬೇಕು.

ನನ್ನ ಜೊತೆಗಿರುವ ತಂಗಿಗೆ ಕಾಗದ ಓದಿ ಹೇಳಿದೆ. ಇಪ್ಪತ್ತಾರು ವರ್ಷದ ಟೀಚರೊಬ್ಬಳು ಕೊನೆಯಲ್ಲಿ ‘ನಿಮ್ಮ ಪೀಪಿ’ ಎಂದು ಸಹಿ ಹಾಕಿದ್ದಾಳಲ್ಲ ಎಂದು ಅವಳು ನಕ್ಕಳು. ನಿನ್ನ ಎದೆಯೊಳಗಿಂದ ಬರುತ್ತಿದ್ದ ಸಣ್ಣ ಶಿಳ್ಳೆಯ ಸದ್ದಿನ ಬಗ್ಗೆ ಅವಳಿಗೆ ಹೇಳಬೇಕಾಯಿತು. ತರಗತಿಯ ಹುಡುಗರು ಗೇಲಿಗೆಂದು ಇಟ್ಟ ಹೆಸರನ್ನು ನೀನು ಜಗಳವಾಡದೆ ನಿನ್ನದಾಗಿಸಿಕೊಂಡು, ನೋಟುಪುಸ್ತಕದ ಮೇಲೂ ಬರೆದುಕೊಂಡು, ಅವರಿಗೆ ಗೇಲಿ ಮಾಡಲು ಏನೂ ಉಳಿಯದಂತೆ ಮಾಡಿದ್ದನ್ನೂ ಹೇಳಿದೆ. ‘ಹುಡುಗಿ ಗಟ್ಟಿಗಿತ್ತಿ’ ಎಂದಳು. ಹೌದು ಎಂದೆ.

ನಿನ್ನ ಮೂರನೇ ತರಗತಿಯಲ್ಲಿ ಆಸ್ತಮಾ ಇರುವ ಮಗುವೊಂದಿದೆ, ಅದರ ಇನ್ಹೇಲರ್ ಪ್ರಿನ್ಸಿಪಾಲರ ಕೋಣೆಯ ಡ್ರಾಯರಿನಲ್ಲಿದೆ ಎಂದು ಬರೆದಿದ್ದೀಯ. ‘ನಮ್ಮ ಶಾಲೆಯಲ್ಲಿ ನೀವು ನಿಯಮ ಬದಲಾಯಿಸಿದಿರಲ್ಲ, ದೊಡ್ಡ ಸರ್ ಅವರನ್ನು ಏನು ಹೇಳಿ ಒಪ್ಪಿಸಿದಿರಿ’ ಎಂದು ಕೇಳಿದ್ದೀಯ. ನನ್ನ ಬಗ್ಗೆ ನಿನಗಿರುವ ಒಳ್ಳೆಯ ಅಭಿಪ್ರಾಯಕ್ಕೆ ಸ್ವಲ್ಪ ತಿದ್ದುಪಡಿ ಬೇಕು ಮಗಳೇ. ನೀನು ಅಲ್ಲೇ ಇದ್ದೆ, ನಿಜ. ಆದರೆ ನಿನಗಾಗ ಹತ್ತು ವರ್ಷ, ಮತ್ತು ನಡೆದದ್ದರಲ್ಲಿ ಅರ್ಧಕ್ಕರ್ಧ ನಡೆದದ್ದು ಆಫೀಸು ಕೋಣೆಯ ಬಾಗಿಲು ಹಾಕಿದ ಮೇಲೆ. ಆ ಅರ್ಧವನ್ನು ಈಗ ಹೇಳುತ್ತೇನೆ.

ನೀನು ನಮ್ಮ ಶಾಲೆಗೆ ಬರುವ ಹತ್ತು ವರ್ಷ ಮೊದಲು, ನಾನು ಗುಮಾಸ್ತೆಯಾಗಿ ಸೇರಿದ ಹೊಸತರಲ್ಲಿ, ನಾಲ್ಕನೇ ತರಗತಿಯ ಹುಡುಗನೊಬ್ಬ ಚೀಲದಲ್ಲಿದ್ದ ಕೆಮ್ಮಿನ ಸಿರಪ್ಪನ್ನು ಗೆಳೆಯರಿಗೆಲ್ಲ ಮುಚ್ಚಳದಲ್ಲಿ ಅಳೆದು ಹಂಚಿದ್ದ. ರುಚಿ ಚೆನ್ನಾಗಿತ್ತಂತೆ. ಸಮಾಜ ಪಾಠದ ಹೊತ್ತಿಗೆ ಹಿಂದಿನ ಎರಡು ಬೆಂಚು ಪೂರ್ತಿ ನಿದ್ದೆ. ಪಾಠ ಮಾಡುತ್ತಿದ್ದವರು ಇದು ದಿನಾ ಇದ್ದದ್ದೇ ಎಂದುಕೊಂಡು ಸುಮ್ಮನಿದ್ದರು. ಮಕ್ಕಳಿಗೆ ಏನೂ ಆಗಲಿಲ್ಲ, ಆದರೆ ಮಾರನೆಯ ದಿನ ಐದು ಮನೆಯವರು ಬಂದು ಶಾಲೆಯನ್ನೇ ತಲೆಯ ಮೇಲೆ ಹೊತ್ತರು. ಅಂದೇ ಹೆಡ್ಮಾಸ್ಟರಾಗಿದ್ದ ದೊಡ್ಡ ಸರ್ ಆದೇಶ ಹೊರಡಿಸಿದರು: ಯಾವ ಮಗುವಿನ ಚೀಲದಲ್ಲೂ, ಜೇಬಿನಲ್ಲೂ ಔಷಧಿ ಇರಕೂಡದು. ಎಲ್ಲವೂ ಎರಡನೇ ಮಹಡಿಯಲ್ಲಿರುವ ಆಫೀಸಿನ ಉಕ್ಕಿನ ಬೀರುವಿನಲ್ಲಿರಬೇಕು, ಬೀಗ ಹಾಕಿರಬೇಕು, ಕೀಲಿ ನನ್ನ ಬಳಿ ಇರಬೇಕು.

ಆ ಕೀಲಿ ನನಗೆ ಇಷ್ಟವಾಗಿತ್ತು. ಈಗ ಮುಚ್ಚಿಡುವುದೇನು? ನಾನು ಪಾಠ ಮಾಡುವವಳಲ್ಲ. ಹಾಜರಿ, ವರ್ಗಾವಣೆ ಪತ್ರ, ಸೀಲು, ಕಡತ ಇವುಗಳ ಮಧ್ಯೆ ಇದ್ದವಳು. ಮಕ್ಕಳು ನನ್ನ ಹತ್ತಿರ ಬರುತ್ತಿದ್ದದ್ದು ಏನಾದರೂ ಕಳೆದುಕೊಂಡಾಗ ಮಾತ್ರ. ಬೀರು ನನ್ನ ಕೈಗೆ ಬಂದ ಮೇಲೆ ದಿನಕ್ಕೆ ಐದಾರು ಮಕ್ಕಳು ಮೆಟ್ಟಿಲು ಹತ್ತಿ ಬಂದು ನನ್ನ ಮೇಜಿನ ಮುಂದೆ ನಿಲ್ಲುವಂತಾಯಿತು. ಒಬ್ಬೊಬ್ಬರ ಔಷಧಿಗೂ ಹೆಸರು ಬರೆದ ಚೀಟಿ ಅಂಟಿಸಿದೆ. ರಿಜಿಸ್ಟರಿನಲ್ಲಿ ಗೆರೆ ಎಳೆದೆ: ದಿನಾಂಕ, ಹೆಸರು, ತರಗತಿ, ಕೊಟ್ಟ ಸಮಯ. ಬೆನ್ನ ಹಿಂದೆ ನೀವೆಲ್ಲ ನನ್ನನ್ನು ‘ಬೀಗದ ಮೇಡಂ’ ಎನ್ನುತ್ತಿದ್ದದ್ದು ನನಗೆ ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯಿತ್ತು.

ನೀನು ಐದನೇ ತರಗತಿಗೆ ಸೇರಿದ ದಿನ ನಿನ್ನ ಅಪ್ಪ ಬಂದಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ, ಉಗುರಿನ ಅಂಚಿನಲ್ಲೆಲ್ಲ ಬೂದು ಪುಡಿ. ನಿನ್ನ ನೀಲಿ ಇನ್ಹೇಲರನ್ನು ಕನ್ನಡಕದ ಡಬ್ಬಿಯಲ್ಲಿ ಹತ್ತಿ ಸುತ್ತಿ ತಂದಿದ್ದರು. ‘ಮೇಡಂ, ಇದು ಅವಳ ಹತ್ರಾನೇ ಇರಲಿ ಅಂತ ಡಾಕ್ಟ್ರು ಹೇಳಿದ್ದಾರೆ. ಯಾವಾಗ ಬೇಕಾಗುತ್ತೆ ಅಂತ ಹೇಳೋಕಾಗಲ್ಲ’ ಎಂದರು. ಡಾಕ್ಟರ ಚೀಟಿಯನ್ನೂ ಮುಂದಿಟ್ಟರು. ನಾನು ಚೀಟಿಗೆ ಪಿನ್ನು ಹಾಕಿ ಕಡತಕ್ಕೆ ಸೇರಿಸಿದೆ. ‘ಶಾಲೆಗೆ ಒಂದು ನಿಯಮ ಅಂತ ಇದೆ, ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ’ ಎಂದೆ. ಅವರು ಡಬ್ಬಿಯನ್ನು ಮೇಜಿನ ಮೇಲೆ ಇಟ್ಟು, ಅದನ್ನು ನನ್ನ ಕಡೆಗೆ ಎರಡು ಬೆರಳಿನಲ್ಲಿ ಮೆಲ್ಲಗೆ ಸರಿಸಿದರು. ಆ ಎರಡು ಬೆರಳು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ನೀನು ಬರತೊಡಗಿದೆ. ನಿಮ್ಮ ತರಗತಿ ನೆಲಮಹಡಿಯ ಕೊನೆಯಲ್ಲಿ, ಗ್ರಂಥಾಲಯದ ಪಕ್ಕ. ಅಲ್ಲಿಂದ ಆಫೀಸಿಗೆ ನಲವತ್ತೆರಡು ಮೆಟ್ಟಿಲು. ಉಸಿರು ಸಿಗದ ಮಗು ಉಸಿರು ಪಡೆಯಲು ನಲವತ್ತೆರಡು ಮೆಟ್ಟಿಲು ಹತ್ತಬೇಕಿತ್ತು. ಇದನ್ನು ಈಗ ಬರೆಯುವಾಗ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ನೋಡು. ಆಗ ನನಗೆ ಕಾಣುತ್ತಿದ್ದದ್ದು ನನ್ನ ರಿಜಿಸ್ಟರು. ನೀನು ಬಾಗಿಲಿನ ಚೌಕಟ್ಟು ಹಿಡಿದು ನಿಲ್ಲುತ್ತಿದ್ದೆ, ಭುಜ ಕಿವಿಯ ತನಕ ಏರುತ್ತಿತ್ತು. ನಾನು ಕೀಲಿ ತೆಗೆದು, ಡಬ್ಬಿ ತೆಗೆದು, ನೀನು ಎರಡು ಸಲ ಎಳೆದುಕೊಂಡ ಮೇಲೆ ಸಮಯ ಬರೆದುಕೊಂಡು, ಹೊರಗಿನ ಬೆಂಚಿನ ಮೇಲೆ ಹತ್ತು ನಿಮಿಷ ಕೂರಿಸಿ ಕಳಿಸುತ್ತಿದ್ದೆ. ಒಂದು ದಿನವೂ ಇಲ್ಲವೆಂದವಳಲ್ಲ, ಗದರಿದವಳಲ್ಲ. ನನ್ನ ಲೆಕ್ಕದಲ್ಲಿ ನಾನು ಕೆಲಸ ಅಚ್ಚುಕಟ್ಟಾಗಿ ಮಾಡುತ್ತಿದ್ದೆ.

ಆ ದಿನದ ವಿಷಯಕ್ಕೆ ಬರುತ್ತೇನೆ. ಗ್ರಂಥಾಲಯದ ಕಪಾಟುಗಳಿಗೆ ವಾರ್ನಿಶ್ ಬಳಿಯುತ್ತಿದ್ದರು. ನಾನು ಬೆಳಗ್ಗೆಯೇ ಮಕ್ಕಳ ಅಂಕಪಟ್ಟಿಗಳಿಗೆ ಸಹಿ ಹಾಕಿಸಲು ಶಿಕ್ಷಣ ಕಚೇರಿಗೆ ಹೋಗಿದ್ದೆ. ಕೀಲಿ ಗೊಂಚಲು ಎಂದಿನಂತೆ ನನ್ನ ಚೀಲದಲ್ಲಿ. ಬೀರುವಿಗೆ ಇನ್ನೊಂದು ಕೀಲಿ ಇರಲಿಲ್ಲವೇ ಎಂದು ನೀನು ಕೇಳಬಹುದು. ಇತ್ತು. ದೊಡ್ಡ ಸರ್ ಮೇಜಿನ ಡ್ರಾಯರಿನಲ್ಲಿತ್ತು. ಡ್ರಾಯರಿಗೂ ಬೀಗವಿತ್ತು. ಆ ಬೀಗದ ಕೀಲಿ ನನ್ನ ಗೊಂಚಲಿನಲ್ಲಿತ್ತು. ಇಷ್ಟು ಭದ್ರವಾಗಿ ವ್ಯವಸ್ಥೆ ಮಾಡಿದವಳು ನಾನೇ.

ವಾರ್ನಿಶಿನ ಘಾಟಿಗೆ ಉಸಿರು ಕಟ್ಟಿ ನೀನು ಗೆಳತಿಯ ಕೈಹಿಡಿದು ಹತ್ತಿದೆ, ಮೇಲೆ ಬಂದಾಗ ಬೀರು ಬೀಗ ಹಾಕಿತ್ತು, ಇಷ್ಟು ನಿನಗೆ ನೆನಪಿರಬೇಕು. ದೊಡ್ಡ ಸರ್ ನನಗೆ ಐದು ಸಲ ಫೋನು ಮಾಡಿದರಂತೆ. ಆ ಕಚೇರಿಯಲ್ಲಿ ಫೋನು ಆರಿಸಿಡಬೇಕೆಂಬ ಫಲಕವಿತ್ತು, ನಿಯಮ ಪಾಲಿಸುವುದರಲ್ಲಿ ನಾನು ಎತ್ತಿದ ಕೈ. ಗಂಟೆ ಬಾರಿಸುವ ನಮ್ಮ ಅಟೆಂಡರು, ನೀವೆಲ್ಲ ಗಂಟೆ ಮಾಮ ಅನ್ನುತ್ತಿದ್ದವರು, ಗಂಟೆ ಹೊಡೆಯುವ ಕಬ್ಬಿಣದ ಸುತ್ತಿಗೆಯನ್ನೇ ತಂದು ಬೀಗಕ್ಕೆ ಹೊಡೆದರು. ಒಳ್ಳೆಯ ಬೀಗ, ಜಗ್ಗಲಿಲ್ಲ. ನೀನು ಅಷ್ಟರಲ್ಲಿ ನೆಲದ ಮೇಲೆ ಕೂತಿದ್ದೆ, ಅಂಗೈ ಎರಡನ್ನೂ ಮಂಡಿಗೆ ಊರಿಕೊಂಡು. ಪೀಪಿಯ ಸದ್ದು ನಿಂತುಹೋಗಿತ್ತು. ಸದ್ದು ನಿಂತರೆ ವಾಸಿಯಾಯಿತು ಎಂದು ನಿನ್ನ ಗೆಳತಿ ಅಂದುಕೊಂಡಳಂತೆ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಎಂಬುದು ಅಲ್ಲಿ ಒಬ್ಬರಿಗೆ ಮಾತ್ರ ತಿಳಿಯಿತು.

ಸುತ್ತಿಗೆಯ ಸದ್ದು ಕೇಳಿ ಮೈದಾನದಿಂದ ಓಡಿ ಬಂದ ಪಿ.ಟಿ. ಸರ್ ನಿನ್ನ ಮುಖ ನೋಡಿದ್ದೇ ಮಂಡಿಯೂರಿ ಕೂತರು. ತಮ್ಮ ಪ್ಯಾಂಟಿನ ಜೇಬಿಗೆ ಕೈಹಾಕಿದರು. ಹೊರಗೆ ಬಂದದ್ದು ನಿನ್ನದರಂಥದ್ದೇ ಒಂದು ನೀಲಿ ಇನ್ಹೇಲರ್. ಅಲ್ಲಿದ್ದವರೆಲ್ಲ ನಿನ್ನನ್ನು ಬಿಟ್ಟು ಒಂದು ಕ್ಷಣ ಅವರನ್ನೇ ನೋಡಿದರು ಎಂದು ಗಂಟೆ ಮಾಮ ಹೇಳುತ್ತಿದ್ದರು. ಮೂರು ಮೈದಾನ ದೂರಕ್ಕೆ ಕೇಳುವ ಹಾಗೆ ಕೂಗುತ್ತಿದ್ದ ಆ ಆಸಾಮಿ ನಿನ್ನ ಕಿವಿಯ ಹತ್ತಿರ ಮಗುವಿನೊಂದಿಗೆ ಮಾತನಾಡುವ ಹಾಗೆ, ‘ನಿಧಾನ. ಒಂದು ಎಳ್ಕೋ. ತಡ್ಕೋ. ಇನ್ನೊಂದು. ನಾನಿದ್ದೀನಿ’ ಎನ್ನುತ್ತಾ ಕೊಡುತ್ತಲೇ ಹೋದರಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ನಿನ್ನ ತುಟಿಗೆ ಬಣ್ಣ ಮರಳಿತ್ತು.

ನಾನು ಮರಳಿದ್ದು ಮೂರು ಗಂಟೆಗೆ, ಎಲ್ಲ ಸಹಿಗಳೂ ಸಿಕ್ಕ ಖುಷಿಯಲ್ಲಿ. ಬೀರುವಿನ ಬಾಗಿಲು ತುಂಬ ತಗ್ಗುಗಳು. ಗಂಟೆ ಮಾಮ ನೆಲ ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು, ‘ಬೀಗಕ್ಕೆ ಏನೂ ಆಗಿಲ್ಲ ಮೇಡಂ. ಗಾಬರಿಯಾಗಬೇಡಿ.’ ನಾವು ಒಟ್ಟಿಗೆ ಕೆಲಸ ಮಾಡಿದ ಹದಿನೈದು ವರ್ಷದಲ್ಲಿ ಆ ಮನುಷ್ಯ ನನಗೆ ಹೇಳಿದ ಒಂದೇ ಒಂದು ಖಾರದ ಮಾತು ಅದು. ಸಾಕಾಗಿತ್ತು.

ಮಾರನೆಯ ದಿನ ಪಿ.ಟಿ. ಸರ್ ಆಫೀಸಿಗೆ ಬಂದರು. ಚಿಕ್ಕಂದಿನಿಂದ ತನಗೂ ಆಸ್ತಮಾ ಇದೆ, ಆಟದ ಸಾಮಾನಿನ ಕೋಣೆಯೊಳಗೆ ನಿಂತು ಯಾರೂ ನೋಡದಂತೆ ಎಳೆದುಕೊಳ್ಳುತ್ತೇನೆ, ಉಸಿರು ಕಟ್ಟುವವನು ಓಟ ಕಲಿಸುತ್ತಾನಾ ಎಂದು ಯಾರಾದರೂ ಅಂದಾರು ಎಂಬ ಭಯ ಎಂದರು. ಆಮೇಲೆ ಹೇಳಿದರು, ‘ಹನ್ನೊಂದು ವರ್ಷದಿಂದ ಇದು ನನ್ನ ಜೇಬಲ್ಲಿದೆ ಮೇಡಂ. ನೀವು ಒಂದು ದಿನಾನೂ ನನ್ನ ಜೇಬು ನೋಡಿಲ್ಲ. ನೋಡಿದ್ರೆ ನನ್ನನ್ನೂ ಎರಡನೇ ಮಹಡಿ ಹತ್ತಿಸ್ತಿದ್ರಿ ಅಲ್ವಾ?’ ಜಗಳದ ದನಿಯಲ್ಲಿ ಹೇಳಲಿಲ್ಲ, ನಗುತ್ತಲೇ ಹೇಳಿದರು. ಹೋಗುವ ಮುಂಚೆ ಹಣ್ಣಿನ ರಸ ಕುಡಿಯುವ ಒಂದು ಸಪೂರ ಸ್ಟ್ರಾ ನನ್ನ ಮೇಜಿನ ಮೇಲಿಟ್ಟರು. ‘ಮೂಗು ಮುಚ್ಕೊಂಡು ಇದರಲ್ಲೇ ಉಸಿರಾಡ್ತಾ ಕೆಳಗಿನಿಂದ ಒಂದ್ಸಲ ಹತ್ತಿ ಬನ್ನಿ. ಅದಕ್ಕಿಂತ ಜಾಸ್ತಿ ನಾನೇನೂ ಹೇಳಲ್ಲ.’

ಶಾಲೆ ಬಿಟ್ಟ ಮೇಲೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗೆ ಹೋದೆ. ಸೆರಗು ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಮೂಗು ಹಿಡಿದು, ಬಾಯಲ್ಲಿ ಸ್ಟ್ರಾ ಇಟ್ಟುಕೊಂಡು ಹತ್ತತೊಡಗಿದೆ. ಮೊದಲ ಹತ್ತು ಮೆಟ್ಟಿಲು ಇದೇನು ಮಹಾ ಅನಿಸಿತು. ಹದಿನೆಂಟನೆಯದರಲ್ಲಿ ಎದೆಯೊಳಗೆ ಯಾರೋ ಮುಷ್ಟಿ ಬಿಗಿದ ಹಾಗಾಯಿತು. ಇಪ್ಪತ್ತಾರರಲ್ಲಿ ಕೂತುಬಿಟ್ಟೆ, ಸ್ಟ್ರಾ ಉಗಿದೆ, ಬಾಯಿ ಅಗಲಿಸಿ ಗಾಳಿ ನುಂಗಿದೆ. ನನಗೆ ಉಗಿಯಲು ಸ್ಟ್ರಾ ಆದರೂ ಇತ್ತು. ಅಷ್ಟರಲ್ಲಿ ಬಾಗಿಲು ಹಾಕಲು ಬಂದ ಗಂಟೆ ಮಾಮ ನನ್ನನ್ನು ಆ ಅವಸ್ಥೆಯಲ್ಲಿ ನೋಡಿದರು. ಒಂದು ಲೋಟ ನೀರು ತಂದು ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ತಾವೂ ಸ್ವಲ್ಪ ದೂರದಲ್ಲಿ ಕೂತರು. ಅಲ್ಲೇ ನಾನು ಅತ್ತೆ. ಇದು ಈವರೆಗೆ ನನ್ನ ತಂಗಿಗೂ ಗೊತ್ತಿರಲಿಲ್ಲ.

ನಿನ್ನ ಅಪ್ಪ ಬಂದದ್ದು ಮೂರನೆಯ ದಿನ. ಬೈಗುಳಕ್ಕೆ ಸಿದ್ಧಳಾಗಿ ಕೂತಿದ್ದೆ, ಬೈದರೆ ಹಗುರವಾಗುತ್ತದೆ ಎಂಬ ಆಸೆಯೂ ಇತ್ತು. ಅವರು ಬೈಯಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು, ‘ಆಸ್ಪತ್ರೆಯಲ್ಲಿ ಅವಳು ಮೊದಲು ಹೇಳಿದ್ದೇ ಇದು ಮೇಡಂ. ಅಪ್ಪಾ, ಬೀಗದ ಮೇಡಂಗೆ ಬೈಬೇಡ, ಅವರು ಯಾವಾಗ್ಲೂ ಕೊಡ್ತಾರೆ, ಅವತ್ತು ಅವರು ಇರಲಿಲ್ಲ ಅಷ್ಟೇ ಅಂದ್ಲು. ಸರಿ, ನೀವಿಲ್ಲದ ದಿನಕ್ಕೆ ಏನು ಮಾಡೋಣ ಹೇಳಿ. ಅದಷ್ಟೇ ಕೇಳೋಕೆ ಬಂದೆ.’

ಏನಾದರೂ ಮಾಡಬೇಕಲ್ಲ ಎಂದು ರಿಜಿಸ್ಟರು ತೆಗೆದು ಅವರ ಮುಂದೆ ಹರಡಿದೆ, ನಾನು ಎಷ್ಟು ಸರಿಯಾಗಿ ಬರೆದಿದ್ದೇನೆ ನೋಡಿ ಎನ್ನುವ ಹಾಗೆ. ಗಾಜಿನಲ್ಲಿ ಕೂದಲೆಳೆಯ ಗೀರು ಹುಡುಕುವ ಕಣ್ಣು ಅವರದು. ಬೆರಳಿಟ್ಟು ಓದುತ್ತಾ ಹೋದರು. ಆಟದ ಪೀರಿಯಡ್ಡಿನ ದಿನಗಳಲ್ಲೆಲ್ಲ ನಿನ್ನ ಹೆಸರಿನ ಮುಂದೆ ‘ಹೊಟ್ಟೆನೋವು, ಬೆಂಚಿನಲ್ಲಿ ವಿಶ್ರಾಂತಿ’ ಎಂದಿತ್ತು. ಹನ್ನೆರಡು ಸಲ. ‘ಇವಳಿಗೆ ಹೊಟ್ಟೆನೋವು ಯಾವತ್ತೂ ಬರಲ್ಲವಲ್ಲ ಮೇಡಂ’ ಎಂದರು. ಆಮೇಲೆ ಅವರಿಗೇ ಹೊಳೆಯಿತು, ನನಗೂ ಹೊಳೆಯಿತು. ಮೈದಾನದಲ್ಲಿ ಉಸಿರು ಕಟ್ಟಿದರೆ ಇನ್ಹೇಲರ್ ಇರುವುದು ಎರಡನೇ ಮಹಡಿಯಲ್ಲಿ. ಅದಕ್ಕೆ ನೀನು ಓಡುವುದನ್ನೇ ಬಿಟ್ಟಿದ್ದೆ. ಇನ್ಹೇಲರ್ ಎಲ್ಲಿದೆಯೋ ಅಲ್ಲೇ, ನನ್ನ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿರಲು ಒಂದು ಸುಳ್ಳು ಕಂಡುಕೊಂಡಿದ್ದೆ. ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೆ.

ಹೊಟ್ಟೆನೋವಿನ ಸುಳ್ಳನ್ನು ಇಷ್ಟು ವರ್ಷದ ಮೇಲೂ ನೆನೆದು ನೀನು ಕಾಗದದಲ್ಲಿ ಕ್ಷಮೆ ಕೇಳಿದ್ದೀಯ. ಕೇಳಬೇಡ ಮಗಳೇ. ಕ್ಷಮೆ ಕೇಳಬೇಕಾದವಳು ನಾನು. ಈಗ ಕೇಳುತ್ತಿದ್ದೇನೆ.

ಆ ಸಂಜೆಯೇ ದೊಡ್ಡ ಸರ್ ಹತ್ತಿರ ಹೋಗಿ, ಈ ನಿಯಮ ತೆಗೆಯಬೇಕು ಎಂದೆ. ಅವರೇನು ಕೆಟ್ಟವರಲ್ಲ, ಸಿರಪ್ಪಿನ ಪ್ರಕರಣದಲ್ಲಿ ಬೆಂದವರು. ‘ಹತ್ತು ವರ್ಷದ ಮಕ್ಕಳ ಕೈಗೆ ಔಷಧಿ ಕೊಟ್ಟು ನಾಳೆ ಇನ್ನೊಂದಾದ್ರೆ ಯಾರು ಜವಾಬ್ದಾರಿ?’ ಎಂದರು. ನನ್ನ ಬಾಯಿಂದ ಹೊರಟ ಮಾತು ಇಷ್ಟೇ: ‘ಮೊನ್ನೆ ಆದದ್ದಕ್ಕೆ ಯಾರು ಸರ್?’ ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ ಪೋಷಕರ ಸಭೆ ಕರೆಯೋಣ, ಮಗುವನ್ನೂ ಕರೆಸೋಣ ಎಂದರು.

ಸಭೆ ನಿನಗೆ ಚೆನ್ನಾಗಿ ನೆನಪಿರುತ್ತದೆ. ಆದರೂ ನಾನು ಕಂಡಂತೆ ಹೇಳಿಬಿಡುತ್ತೇನೆ, ಈ ವಯಸ್ಸಿನಲ್ಲಿ ಅದನ್ನು ನೆನೆಯುವುದೇ ಒಂದು ಸುಖ. ಸಮಿತಿಯಲ್ಲಿದ್ದ ಒಬ್ಬ ತಾಯಿ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದವರು, ‘ನನ್ನ ಮಗಳಿಗೆ ಅದೇ ವಯಸ್ಸು. ಶೂ ಲೇಸ್ ಕಟ್ಕೋ ಅಂದ್ರೆ ಮರೀತಾಳೆ. ಔಷಧಿ ತಾನೇ ತಗೊಳೋದು ಅಂದ್ರೆ ಹೇಗೆ?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ದೊಡ್ಡ ಸರ್ ನಿನ್ನನ್ನು ಮುಂದೆ ಕರೆದು ತೋರಿಸು ಎಂದರು. ನೀನು ಎರಡು ಜಡೆ ಹಿಂದಕ್ಕೆ ಹಾಕಿಕೊಂಡು ಶುರುಮಾಡಿದೆ. ಮುಚ್ಚಳ ತೆಗೆದು ಒಳಗೆ ಏನಾದರೂ ಸಿಕ್ಕಿಕೊಂಡಿದೆಯಾ ನೋಡಬೇಕು. ಅಲ್ಲಾಡಿಸಬೇಕು. ಉಸಿರು ಪೂರ್ತಿ ಹೊರಗೆ ಬಿಡಬೇಕು. ತುಟಿ ಬಿಗಿ ಹಿಡಿದು, ಒತ್ತುತ್ತಲೇ ನಿಧಾನಕ್ಕೆ ಎಳೆದುಕೊಳ್ಳಬೇಕು. ಹತ್ತು ಎಣಿಸಬೇಕು. ಒಂದು ನಿಮಿಷ ಬಿಟ್ಟು ಇನ್ನೊಂದು. ‘ಇಷ್ಟಾದ್ರೂ ಕಡಿಮೆಯಾಗ್ಲಿಲ್ಲ ಅಂದ್ರೆ ದೊಡ್ಡವರಿಗೆ ಹೇಳ್ಬೇಕು. ಒಬ್ಬಳೇ ಎಲ್ಲಿಗೂ ಹೋಗ್ಬಾರ್ದು. ಮೆಟ್ಟಿಲು ಹತ್ಬಾರ್ದು’ ಎಂದೆ.

ದೊಡ್ಡ ಸರ್ ಕೊನೆಯ ಅಸ್ತ್ರ ಹೊರತೆಗೆದರು. ‘ಸರಿ. ಗೆಳತಿ ಒಂದ್ಸಲ ನಂಗೂ ಕೊಡು ಅಂದ್ರೆ ಕೊಡ್ತೀಯಾ?’ ನೀನು ಯೋಚಿಸದೆ ಹೇಳಿದೆ, ‘ಇಲ್ಲ ಸರ್. ನಮ್ಮ ಶಾಲೆಯಲ್ಲಿ ಹಾಗೆ ಕೊಡೋದು ಪಿ.ಟಿ. ಸರ್ ಮಾತ್ರ.’

ಮೊದಲು ನಕ್ಕವರು ಪಿ.ಟಿ. ಸರ್. ಆಮೇಲೆ ಬ್ಯಾಂಕಿನ ತಾಯಿ. ಕೊನೆಗೆ ದೊಡ್ಡ ಸರ್ ಕೂಡ, ಕರವಸ್ತ್ರ ಬಾಯಿಗಿಟ್ಟುಕೊಂಡು. ನಗು ನಿಂತ ಮೇಲೆ ಪಿ.ಟಿ. ಸರ್ ಎದ್ದು ನಿಂತು, ಜೇಬಿನಿಂದ ತಮ್ಮದನ್ನು ತೆಗೆದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟು, ತಮಗಿರುವ ಕಾಯಿಲೆಯ ಹೆಸರನ್ನು ಜೀವನದಲ್ಲಿ ಮೊದಲ ಸಲ ಹತ್ತು ಜನರ ಮುಂದೆ ಹೇಳಿದರು. ಮುಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು, ‘ನನ್ನ ಮಗನಿಗೂ ಇದೆ ಸರ್, ಹೇಳೋಕೆ ಹಿಂಜರಿದಿದ್ವಿ’ ಎಂದರು. ಹಾಗೆ ಇನ್ನಿಬ್ಬರು ಬಾಯಿಬಿಟ್ಟರು.

ಹೊಸ ನಿಯಮ ಬರೆಯುವ ಕೆಲಸ ನನಗೇ ಬಂತು. ಒಂದೇ ಹಾಳೆ. ಡಾಕ್ಟರ ಸಹಿ, ಮನೆಯವರ ಸಹಿ. ಮಗುವಿಗೆ ತಾನೇ ಬಳಸಲು ಬರುತ್ತದೆ ಎಂದು ಡಾಕ್ಟರು ಬರೆದಿರಬೇಕು, ನಮ್ಮ ಮುಂದೆಯೂ ಮಗು ಒಮ್ಮೆ ಮಾಡಿ ತೋರಿಸಬೇಕು. ಆಮೇಲೆ ಇನ್ಹೇಲರ್ ಮಗುವಿನ ಬಳಿಯೇ. ಇನ್ನೊಂದು ಹೆಚ್ಚಿನದು ನೆಲಮಹಡಿಯಲ್ಲಿ, ಬೀಗವಿಲ್ಲದ ಪೆಟ್ಟಿಗೆಯಲ್ಲಿ. ಬಳಸಿದರೆ ಟೀಚರಿಗೆ ಒಂದು ಮಾತು ಹೇಳಬೇಕು, ಅನುಮತಿ ಕೇಳಬೇಕಾಗಿಲ್ಲ. ಈ ಕೊನೆಯ ವಾಕ್ಯವನ್ನು ದೊಡ್ಡ ಸರ್ ಹೊಡೆದುಹಾಕಿದ್ದರು. ನಾನು ಮತ್ತೆ ಬರೆದೆ. ಅವರು ಮತ್ತೆ ಹೊಡೆದರು. ಮೂರನೆಯ ಸಲ ಬರೆದಾಗ ಸಹಿ ಹಾಕಿದರು. ಆ ಹಾಳೆಯ ನಕಲು ಈ ಕಾಗದದ ಜೊತೆಗಿದೆ. ಒಂದೆರಡು ಕಾಗುಣಿತದ ತಪ್ಪುಗಳಿವೆ, ನೀನು ಟೀಚರು, ಕೆಂಪು ಶಾಯಿ ಹಿಡಿಯಬೇಡ.

ಅದಾದ ಮೇಲೆ ಎಲ್ಲವೂ ಹೂವೆತ್ತಿದ ಹಾಗೆ ನಡೆಯಿತು ಎಂದುಕೊಳ್ಳಬೇಡ. ಮೂರು ವಾರ ಕಳೆದಿರಲಿಲ್ಲ, ನಿಮ್ಮ ತರಗತಿಯ ಒಬ್ಬಳು ನಿನ್ನ ಚೀಲದಿಂದ ಅದನ್ನು ತೆಗೆದು ಸೆಂಟಿನ ಹಾಗೆ ಎಲ್ಲರ ಕತ್ತಿಗೂ ಹೊಡೆದು ಅರ್ಧ ಖಾಲಿ ಮಾಡಿದಳಲ್ಲ, ಆಗ ದೊಡ್ಡ ಸರ್ ನನ್ನನ್ನು ಕರೆಸಿ, ‘ನೋಡಿದ್ರಾ, ನಾನು ಹೇಳಿರಲಿಲ್ವಾ’ ಎಂದು ನಿಯಮ ವಾಪಸು ಪಡೆಯುವ ಮಾತೆತ್ತಿದರು. ‘ಕಂಪಾಸಿನ ಮುಳ್ಳಿನಿಂದ ಚುಚ್ಚಿದ ಹುಡುಗನಿಗೆ ಬುದ್ಧಿ ಹೇಳಿದ್ವಿ ಸರ್. ಗಣಿತದ ಡಬ್ಬಿಗಳನ್ನೆಲ್ಲ ಬೀರುವಲ್ಲಿ ಇಟ್ವಾ?’ ಎಂದೆ. ಅಷ್ಟು ವರ್ಷದಲ್ಲಿ ನಾನು ಅವರಿಗೆ ಎದುರು ಮಾತನಾಡಿದ್ದು ಎರಡನೆಯ ಸಲ. ಮಾರನೆಯ ಬೆಳಗ್ಗೆ ಪಿ.ಟಿ. ಸರ್ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಗೆ ಅದು ಏನು, ಯಾಕೆ, ಯಾರದ್ದು ಎಂದು ತಮ್ಮ ಆ ದೊಡ್ಡ ದನಿಯಲ್ಲಿ ವಿವರಿಸಿದರು. ಸೆಂಟು ಹೊಡೆದವಳೇ ಮುಂದೆ ನಿನ್ನ ಪಕ್ಕದಲ್ಲಿ ಓಡುತ್ತಿದ್ದವಳು ಎಂದು ನೆನಪು.

ಹೌದು, ನೀನು ಓಡಿದೆ. ವರ್ಷದ ಕೊನೆಯ ಆಟದ ದಿನ ಆರು ಜನರಲ್ಲಿ ನಾಲ್ಕನೆಯವಳಾಗಿ ಬಂದು, ಗೆದ್ದವಳಿಗಿಂತ ಹೆಚ್ಚು ಹೊತ್ತು ನಕ್ಕೆ. ನಿನ್ನ ಅಪ್ಪ ಬೇಲಿಯ ಹೊರಗೆ ಸೈಕಲ್ ಹಿಡಿದು ನಿಂತಿದ್ದರು, ತೋಳಲ್ಲಿ ನಿನ್ನ ಪುಟ್ಟ ತಮ್ಮ. ಪಕ್ಕದವರು ಯಾರೋ ‘ಯಾರ ಮಗಳು ಫಸ್ಟು?’ ಎಂದು ಕೇಳಿದರೆ, ‘ನನ್ನವಳು ನಾಲ್ಕನೆಯವಳು’ ಎಂದರು.

ನನಗೆ ಏನಾಯಿತು ಎಂದರೆ, ಬಾಗಿಲ ಹೊರಗಿನ ಬೆಂಚು ಖಾಲಿಯಾಯಿತು. ಬೀರುವಿನಲ್ಲಿ ಬ್ಯಾಂಡೇಜು, ಹತ್ತಿ, ಥರ್ಮಾಮೀಟರು ಉಳಿದವು. ಮೊದಲ ಕೆಲವು ವಾರ ಹತ್ತೂವರೆಗೆ, ಹನ್ನೊಂದೂಕಾಲಿಗೆ ಕಿವಿ ತಾನಾಗಿ ಮೆಟ್ಟಿಲ ಕಡೆ ಹೋಗುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಕೊಂಚ ಬೇಜಾರಾಗುತ್ತಿತ್ತು, ಆಮೇಲೆ ಆ ಬೇಜಾರಿಗೇ ನಗು ಬರುತ್ತಿತ್ತು. ಬೇಡವಾಗುವುದರಲ್ಲೂ ಒಂದು ಸಂತೋಷವಿದೆ ಎಂದು ಐವತ್ತರ ಹತ್ತಿರ ಬಂದು ಕಲಿತೆ.

ನಿನ್ನ ಪ್ರಿನ್ಸಿಪಾಲರಿಗೆ ಹೇಳಲು ಜಾಣ ಮಾತು ನನ್ನಲ್ಲಿಲ್ಲ. ವಾದ ಮಾಡಬೇಡ. ನೀವು ರಜೆ ಹಾಕಿದ ದಿನ ಏನು ಮಾಡೋಣ ಎಂದು ಮಾತ್ರ ಕೇಳು, ಕೇಳಿ ಸುಮ್ಮನೆ ಕೂತಿರು. ಆ ಮಗುವಿನ ಡಾಕ್ಟರಿಂದ ಕಾಗದ ತರಿಸು. ಮೂರನೇ ತರಗತಿ ಎಂದರೆ ಇನ್ನೂ ಚಿಕ್ಕದು, ಪೂರ್ತಿ ತಾನೇ ಮಾಡಲು ಬಾರದಿರಬಹುದು. ಹಾಗಿದ್ದರೆ ಇನ್ಹೇಲರ್ ನಿನ್ನ ಬಳಿ, ಅದೇ ಕೋಣೆಯಲ್ಲಿ, ಬೀಗವಿಲ್ಲದೆ ಇರಲಿ, ದಿನಕ್ಕಿಷ್ಟು ಕಲಿಯಲಿ. ಅದರ ತಾಯಿಗೆ ಭಯವಿದ್ದರೆ ನಿನ್ನದನ್ನು ತೆಗೆದು ತೋರಿಸು. ನಾಚಬೇಡ. ಮತ್ತೆ ಆ ಆಫೀಸಿನ ಗುಮಾಸ್ತೆಯ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳ ಜೊತೆ ಕೂತು ಒಂದು ಲೋಟ ಕಾಫಿ ಕುಡಿ. ಅವಳ ಒಪ್ಪಿಗೆ ಸಿಕ್ಕರೆ ಅರ್ಧ ಶಾಲೆ ಸಿಕ್ಕ ಹಾಗೆ.

ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ, ಹೇಳುವಂಥದ್ದು ಏನೂ ಇಲ್ಲವೆಂಬ ಕಾರಣಕ್ಕೆ. ನೀನು ಏಳನೇ ತರಗತಿಯಲ್ಲಿದ್ದಾಗ ವಾರ್ಷಿಕ ಪರೀಕ್ಷೆಯ ಒಂದು ಮಧ್ಯಾಹ್ನ, ಹೆಚ್ಚಿನ ಉತ್ತರಪತ್ರಿಕೆ ಕೊಡಲು ನಾನು ನಿಮ್ಮ ಕೋಣೆಯ ಹತ್ತಿರ ಬಂದಿದ್ದೆ. ಗಣಿತದ ಪತ್ರಿಕೆ. ಕಿಟಕಿಯಿಂದ ನೋಡಿದರೆ ನಲವತ್ತು ತಲೆ ಬಗ್ಗಿದ್ದವು. ನೀನು ಪೆನ್ನು ಕೆಳಗಿಟ್ಟೆ. ಜೇಬಿಗೆ ಕೈಹಾಕಿ ಅದನ್ನು ತೆಗೆದು ಅಲ್ಲಾಡಿಸಿ, ಒಂದು ಸಲ ಎಳೆದುಕೊಂಡೆ. ಗೋಡೆಯ ಗಡಿಯಾರ ನೋಡುತ್ತಾ ಒಂದು ನಿಮಿಷ ಕಾದೆ. ಇನ್ನೊಂದು ಸಲ ಎಳೆದುಕೊಂಡೆ. ಮುಚ್ಚಳ ಹಾಕಿ ಒಳಗಿಟ್ಟು, ಟೀಚರಿಗೆ ತಲೆಯಾಡಿಸಿ, ಪೆನ್ನು ಎತ್ತಿಕೊಂಡೆ. ಪಕ್ಕದವಳು ತಿರುಗಿ ನೋಡಲಿಲ್ಲ. ಟೀಚರು ಎದ್ದು ಬರಲಿಲ್ಲ. ಯಾರ ಪೆನ್ನೂ ನಿಲ್ಲಲಿಲ್ಲ. ನಾನು ಉತ್ತರಪತ್ರಿಕೆಯ ಕಟ್ಟು ಎದೆಗೊತ್ತಿಕೊಂಡು ಕಿಟಕಿಯ ಹೊರಗೆ ನಿಂತೇ ಇದ್ದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಮಾಡಿದ್ದು ಏನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಎರಡು ನಿಮಿಷ, ಆಗ ಅಲ್ಲಿ ಏನೂ ಆಗಲಿಲ್ಲ ಎಂಬುದು.

ನಿನ್ನ ತರಗತಿಗೂ ಅಂಥ ಏನೂ ಆಗದ ಮಧ್ಯಾಹ್ನಗಳು ತುಂಬಿ ತುಳುಕಲಿ. ನೀನು ಕಲಿಸುವ ಮಕ್ಕಳು ಓಡಲಿ, ಬೀಳಲಿ, ಎದ್ದು ಮತ್ತೆ ಓಡಲಿ. ನಿನ್ನ ಉಸಿರು ನಿರಾಳವಾಗಿರಲಿ, ನೂರು ವರ್ಷ.

ನಿನ್ನ ಶಾಲೆಯ ಹಳೆಯ ಗುಮಾಸ್ತೆ,
ನಿನ್ನನ್ನು ಮಗಳೆಂದೇ ಎಣಿಸುವವಳು